ಗ್ಯಾಸು ಮುಗಿಯುವ ತನಕ

ವಸಂತ್ ಕುಂಜ್, ದಿಲ್ಲಿ
೨೦ ನವೆಂಬರ್ ೨೦೨೪

ಪ್ರೀತಿಯ ಪಂಕಜಾ,

‘ಕುದಿಯುವ ನೀರಿಗೆ ದಾರಿ ಗೊತ್ತು.’ ಹೀಗೊಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಅದರ ಹಿಂದಿನ ಸಾಲು ನೆನಪಿಲ್ಲ, ಮುಂದಿನದೂ ಇಲ್ಲ. ಎಂ.ಎ. ಓದುವಾಗ ಯಾವುದೋ ಸಂಕಲನದಲ್ಲಿ ಕಂಡದ್ದಿರಬೇಕು. ಆಗ ಚೆಂದ ಅನ್ನಿಸಿರಬಹುದು. ಈಗ ಸ್ಟೌವಿನ ಮುಂದೆ ನಿಂತು ನೋಡಿದರೆ ನಂಬಿಕೆ ಬರುವುದಿಲ್ಲ. ನೀರು ಕುದಿಯುತ್ತದೆ, ಮುಚ್ಚಳವನ್ನು ಎತ್ತಿ ಬಡಿಯುತ್ತದೆ, ಕೊನೆಗೆ ಹೋಗಿ ಕಿಟಕಿಯ ಗಾಜಿಗೆ ಅಂಟಿಕೊಳ್ಳುತ್ತದೆ. ಹೊರಗೆ ಹೊಗೆ, ಕಿಟಕಿ ತೆರೆಯುವಂತಿಲ್ಲ. ಆ ನೀರಿಗೆ ಯಾವ ದಾರಿ ಗೊತ್ತಿತ್ತು?

ಎಂಟು ವರ್ಷದ ಮೇಲೆ ಬರೆಯುವ ಪತ್ರವನ್ನು ಹೀಗೆ ಶುರು ಮಾಡಬಾರದು. ಬೇರೆ ಹೇಗೆ ಮಾಡಬೇಕೆಂದು ಹೊಳೆಯಲಿಲ್ಲ.

ನಿನ್ನಣ್ಣನಿಗೆ ಜುಲೈ ತಿಂಗಳಲ್ಲಿ ಸ್ಟ್ರೋಕ್ ಆಯಿತು. ಈಗ ಹೋಟೆಲ್ ನೋಡಿಕೊಳ್ಳುತ್ತಿರುವ ಲತೇಶ ನಿನಗೆ ಹೇಳಿರಬಹುದು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಇಡುತ್ತಾರೆ. ಮಾತು ಹೋಗಿದೆ. ಒಂದೇ ಒಂದು ಪದ ಉಳಿದಿದೆ: ‘ಬೇಡ’. ಊಟ ಬಡಿಸಲಾ ಅಂದರೆ ಬೇಡ ಅನ್ನುತ್ತಾರೆ, ತಟ್ಟೆ ಎಳೆದುಕೊಂಡು ಉಣ್ಣುತ್ತಾರೆ. ಟಿವಿ ಹಾಕು ಅನ್ನುವುದಕ್ಕೂ ಬೇಡ, ತೆಗೆ ಅನ್ನುವುದಕ್ಕೂ ಬೇಡ. ಕೆಲವರಿಗೆ ಹೀಗೆ ಒಂದು ಪದ ಮಾತ್ರ ಉಳಿಯುತ್ತದಂತೆ, ಡಾಕ್ಟರು ಹೇಳಿದರು. ಅದೇ ಪದ ಯಾಕೆ ಅಂತ ನಾನು ಕೇಳಲಿಲ್ಲ. ನೀನು ಮಹಂತೇಶರನ್ನು ಕರೆದುಕೊಂಡು ಬಾಗಿಲಿಗೆ ಬಂದ ದಿನ, ಅವರಿಗೆ ಮೊದಲೇ ಒಂದು ಮದುವೆಯಾಗಿ ಮುರಿದಿತ್ತು ಎಂಬ ಕಾರಣಕ್ಕೆ, ಜಾತಿ ಬೇರೆ ಎಂಬ ಕಾರಣಕ್ಕೆ, ನಿನ್ನಣ್ಣ ಒಳಗೆ ನಿಂತು ಹೇಳಿದ್ದೂ ಆ ಒಂದು ಪದವನ್ನೇ.

ನಾನು ಚಪ್ಪಲಿ ಮೆಟ್ಟಿದರೆ ಸಾಕು, ‘ಬೇಡ’ ಏರುತ್ತಾ ಹೋಗುತ್ತದೆ. ಮುಖ ಕೆಂಪಾಗುತ್ತದೆ. ಒಮ್ಮೆ ನನ್ನ ಹಿಂದೆ ಬರಲು ಹೋಗಿ ಬಿದ್ದರು. ಅಟೆಂಡೆಂಟ್‌ಗಳು ಬಂದರು, ಒಬ್ಬರೂ ನಿಲ್ಲಲಿಲ್ಲ. ಪಾತ್ರೆ ತೊಳೆಯಲು ಬರುವ ಸುಶೀಲಾ ಇರುವಷ್ಟು ಹೊತ್ತೂ ಅವರ ಕಣ್ಣು ನನ್ನ ಕಾಲಿನ ಮೇಲೆ. ಮಳೆಗಾಲದಿಂದ ನಾನು ನಮ್ಮ ಗೇಟು ದಾಟಿಲ್ಲ, ಪಂಕಜಾ.

ಬರೆಯಲು ಕಾರಣ ಬೇರೆ. ಹೋದ ವಾರ ಅವರು ಕೋಲಿನಿಂದ ಮಂಚದ ಕೆಳಗಿನ ಟ್ರಂಕನ್ನು ಎಳೆದರು. ಅದರಲ್ಲಿ ನಿಮ್ಮ ಹಸಿರು ಎಂಜಿನ್, ಹಬೆಯಿಂದ ಓಡುವ ಆ ಪುಟ್ಟ ರೈಲಿನದು. ಹೋಟೆಲಿಗೆ ದೋಸೆ ತಿನ್ನಲು ಬರುತ್ತಿದ್ದ ರಾಯಭಾರ ಕಚೇರಿಯ ಆ ಸಾಹೇಬ ಊರಿಗೆ ಹೊರಟಾಗ ಕೊಟ್ಟುಹೋದದ್ದು. ತೊಡೆಯ ಮೇಲಿಟ್ಟುಕೊಂಡು ಎಡಗೈ ಬೆರಳಿನಿಂದ ಚಕ್ರ ತಿರುಗಿಸಿದರು. ಆಮೇಲೆ ನನ್ನ ಮುಖ ನೋಡಿದರು. ನನಗೇನು ಗೊತ್ತು? ಹಿತ್ತಲಲ್ಲಿ ನೀವಿಬ್ಬರೂ ಹಳಿ ಹಾಕಿ ಅದನ್ನು ಓಡಿಸುತ್ತಿದ್ದ ಕಾಲದಲ್ಲಿ ನನ್ನ ಕೆಲಸ ಬಜ್ಜಿ ಕರಿಯುವುದಾಗಿತ್ತು.

ಹಳಿ ಈಗಲೂ ಇದೆ, ಹುಲ್ಲು ಬೆಳೆದಿತ್ತು, ಕಿತ್ತೆ. ಇದು ಹೇಗೆ ಓಡುತ್ತದೆ ಅಂತ ಏನೂ ತಿಳಿಯದವಳಿಗೆ ಹೇಳುವ ಹಾಗೆ ಬರೆಯುತ್ತೀಯಾ? ನಿನ್ನ ಹಳೆಯ ನಂಬರು ಹೋಗುವುದಿಲ್ಲ. ವಿಳಾಸ ಮದುವೆಯ ಕಾರ್ಡಿನಲ್ಲಿತ್ತು. ಪತ್ರವಾದರೆ ಮನೆಯಲ್ಲಿ ಸದ್ದೂ ಆಗುವುದಿಲ್ಲ.

ನಿನ್ನ ಅತ್ತಿಗೆ,
ಮೈತ್ರೇಯಿ


ಹುಬ್ಬಳ್ಳಿ
೩ ಡಿಸೆಂಬರ್

ಅತ್ತಿಗೆಗೆ ನಮಸ್ಕಾರ.

ಸುದ್ದಿಯನ್ನು ಲತೇಶ ಹೇಳಿದ್ದ. ಫೋನ್ ಮಾಡಬೇಕು ಅಂದುಕೊಂಡೆ. ಮಾಡಲಿಲ್ಲ. ಎಂಜಿನ್ನಿನ ವಿಷಯಕ್ಕೆ ಬರುತ್ತೇನೆ.

ಅದೊಂದು ಮುಚ್ಚಿದ ಪಾತ್ರೆ. ನಡುವೆ ಉದ್ದಕ್ಕೂ ಒಂದು ಕೊಳವೆ, ಕೊಳವೆಯೊಳಗೆ ಗ್ಯಾಸಿನ ಉರಿ. ನೀರು ಕುದಿದು ಹಬೆಯಾಗುತ್ತದೆ, ಹಬೆಗೆ ಜಾಗ ಸಾಲದೆ ಒತ್ತಡ ಏರುತ್ತದೆ. ಮುಂದುಗಡೆ ಎರಡೂ ಬದಿಗೆ ಹೆಬ್ಬೆರಳು ಗಾತ್ರದ ಸಿಲಿಂಡರುಗಳಿವೆ. ಪ್ರತಿಯೊಂದರ ಒಳಗೂ ಪಿಸ್ಟನ್ ಎಂಬ ಬಿರಡೆ. ಹಬೆ ಅದನ್ನು ಒಮ್ಮೆ ಈ ಕಡೆಯಿಂದ ನೂಕುತ್ತದೆ, ಒಮ್ಮೆ ಆ ಕಡೆಯಿಂದ. ಬಿರಡೆ ಸರಳನ್ನು ನೂಕುತ್ತದೆ, ಸರಳು ಚಕ್ರವನ್ನು ತಿರುಗಿಸುತ್ತದೆ. ಕುಕ್ಕರಿನ ಸೀಟಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಕುಕ್ಕರು ಹಬೆಯನ್ನು ಹೊರಗೆ ಎಸೆಯುತ್ತದೆ, ಇದು ದುಡಿಸುತ್ತದೆ.

ನೀರಿಗೆ ಯಾವ ದಾರಿಯೂ ಗೊತ್ತಿಲ್ಲ. ಸಿಲಿಂಡರಿನ ಮೇಲೆ ಜಾರುವ ಪುಟ್ಟ ಕವಾಟವೊಂದಿದೆ, ದಾರಿ ತೆರೆಯುವುದು ಮುಚ್ಚುವುದು ಅದರ ಕೆಲಸ.

ಕೆಲಸದ ಕ್ರಮ ಹೀಗೆ. ಎಲ್ಲಕ್ಕಿಂತ ಮೊದಲು ಎಣ್ಣೆ: ಕೀಲುಗಳಿಗೆಲ್ಲ ಒಂದೊಂದು ಹನಿ, ಚಾಲಕನ ಗೂಡಿನಲ್ಲಿರುವ ಹಿತ್ತಾಳೆಯ ಎಣ್ಣೆಬಟ್ಟಲಿಗೆ ತುಂಬ. ಆಮೇಲೆ ಬಾಯ್ಲರಿಗೆ ನೀರು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಆಗಬೇಕು, ದಿಲ್ಲಿಯ ನಲ್ಲಿನೀರು ಒಳಗೆ ಸುಣ್ಣ ಕಟ್ಟುತ್ತದೆ. ಪೂರ್ತಿ ತುಂಬಿಸಿ, ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆ ತೆಗೆಯಿರಿ, ಹಬೆಗೆ ಜಾಗ ಬೇಕು. ಗ್ಯಾಸು ಕೊನೆಗೆ. ಉರಿ ಹಚ್ಚುವುದು ಚಿಮಣಿಯ ಬಾಯಿಂದ. ‘ಭಪ್’ ಅಂತ ಸದ್ದಾಗಿ ಒಳಗೆ ಹೋಗುತ್ತದೆ, ಹೆದರಬೇಡಿ. ಒತ್ತಡ ತೋರಿಸುವ ಮುಳ್ಳು ಏರುವವರೆಗೆ ಕಾಯಿರಿ.

ಆಮೇಲೂ ಅದು ತಾನಾಗಿ ಹೊರಡುವುದಿಲ್ಲ. ಬಿಸಿ ಹಬೆ ತಣ್ಣನೆಯ ಸಿಲಿಂಡರಿಗೆ ಹೋಗಿ ಮತ್ತೆ ನೀರಾಗಿ ಕೂತುಬಿಡುತ್ತದೆ. ಕೈಯಿಂದ ಹಿಂದೆ ಮುಂದೆ ನೂಕುತ್ತಾ ಆ ನೀರನ್ನು ಚಿಮಣಿಯಿಂದ ಉಗುಳಿಸಬೇಕು. ಎಲ್ಲರೂ ಸೋಲುವುದು ಇಲ್ಲೇ. ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಗ್ಯಾಸು ಮೊದಲು ಮುಗಿಯಬೇಕು, ನೀರು ಆಮೇಲೆ. ನೀರಿಲ್ಲದೆ ಉರಿದರೆ ಬಾಯ್ಲರ್ ಹಾಳು.

ಅಣ್ಣ ಎಡಗೈಯಲ್ಲಿ ಊಟ ಮಾಡುತ್ತಾನಾ?

ಪಂಕಜಾ


ವಸಂತ್ ಕುಂಜ್
೧೬ ಡಿಸೆಂಬರ್

ಪ್ರೀತಿಯ ಪಂಕಜಾ,

ಎಡಗೈಯಲ್ಲಿ, ಚಮಚದಿಂದ. ಸಾರು ಅನ್ನ ಮಾತ್ರ ನಾನು ಕಲಸಿ ಕೊಡಬೇಕು.

ನಿನ್ನ ಪತ್ರವನ್ನು ಪಾಠದ ಹಾಗೆ ಓದಿದೆ. ಎಂಜಿನ್ನನ್ನು ಊಟದ ಮೇಜಿನ ಮೇಲಿಟ್ಟು ಒಂದೊಂದೇ ಭಾಗ ಮುಟ್ಟಿ ಹೆಸರು ಹೇಳುತ್ತೇನೆ. ಅವರು ಎದುರು ಕೂರುತ್ತಾರೆ. ತಪ್ಪು ಹೇಳಿದರೆ ‘ಬೇಡ’. ಸರಿ ಹೇಳಿದರೆ ಸುಮ್ಮನಿರುತ್ತಾರೆ. ಈ ಮನೆಯಲ್ಲಿ ಇಷ್ಟು ಸುಮ್ಮನೆ ಇರುವುದು ಎಷ್ಟೋ ದಿನಕ್ಕೆ ಸಿಕ್ಕಿತು.

ಮೇಲಿನ ಮನೆಯ ಬಾತ್ರಾ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬಂದವರು. ಬ್ಯಾಂಕಿನಿಂದ ನಿವೃತ್ತರು, ಒಂಟಿ. ಗ್ಯಾಸಿನ ಡಬ್ಬಿಯ ಪಾರ್ಸೆಲ್ ಬಂದದ್ದನ್ನು ನೋಡಿ ಬಾಗಿಲಿಗೆ ಬಂದರು. ‘ಏನು ಭಾಭೀಜಿ ಇದು?’ ಅಂದರು. ರೈಲು ಅಂದೆ. ‘ಪೊಲ್ಯೂಷನ್ ಅಂತ ತಂದೂರ್ ಬಂದ್, ಜನರೇಟರ್ ಬಂದ್, ನನ್ನ ಹಳೇ ಡೀಸೆಲ್ ಕಾರೂ ಬಂದ್. ನೀವು ಹೊಸದಾಗಿ ರೈಲ್ವೆ ಶುರು ಮಾಡ್ತೀರಾ? ಸೊಸೈಟಿಯವರಿಗೆ ಬರೀಬೇಕಾಗುತ್ತೆ.’ ಹೊರಡುವಾಗ ತಿರುಗಿ ಕೇಳಿದರು: ‘ಒಂದು ಮಾತು ಭಾಭೀಜಿ, ಈ ಬೇಡಾ ಯಾರು? ದಿನವಿಡೀ ಕರಣಾಜಿ ಕರೀತಾ ಇರ್ತಾರಲ್ಲ.’ ಕರುಣಾಕರ ಅನ್ನುವುದು ಅವರ ನಾಲಿಗೆಗೆ ಹೊರಳುವುದಿಲ್ಲ. ಅದು ಹೆಸರಲ್ಲ, ನಹೀಂ ಚಾಹಿಯೇ ಅಂತ ಅರ್ಥ ಅಂದೆ. ‘ಅಚ್ಛಾ’ ಅಂದು ಮೆಟ್ಟಿಲು ಹತ್ತಿದರು.

ಈಗ ನಿಜ ಹೇಳುತ್ತೇನೆ. ನಾನು ಈ ಎಂಜಿನ್ನನ್ನು ನಿನ್ನಣ್ಣನಿಗಾಗಿ ಕಲಿಯುತ್ತಿಲ್ಲ. ಅದು ಮೇಜಿನ ಮೇಲಿರುವಷ್ಟು ಹೊತ್ತು ಅವರ ಕಣ್ಣು ನನ್ನ ಕಾಲನ್ನು ಬಿಡುತ್ತದೆ. ಹಾಗಾದರೆ ಅದು ಹಿತ್ತಲಲ್ಲಿ ಸುತ್ತುತ್ತಿದ್ದರೆ? ಒಮ್ಮೆ ಗ್ಯಾಸು ತುಂಬಿಸಿದರೆ ಎಷ್ಟು ಹೊತ್ತು ಓಡುತ್ತದೆ? ಇಪ್ಪತ್ತು ನಿಮಿಷವಾದರೂ ಓಡುತ್ತದೆಯೆ? ಅಷ್ಟಾದರೆ ನಾನು ಗೇಟು ದಾಟಿ, ಪಾರ್ಕಿನ ಬೆಂಚಿನ ಮೇಲೆ ಒಂದು ಪುಸ್ತಕ ಬಿಡಿಸಿ, ವಾಪಸು ಬರಬಹುದು. ಓದದಿದ್ದರೂ ಆಗುತ್ತದೆ. ಯಾರೂ ನನ್ನನ್ನು ನೋಡದ ಕಡೆ ಕೂತರೆ ಸಾಕು.

ಹೇಳು, ಎಷ್ಟು ಹೊತ್ತು?

ಮೈತ್ರೇಯಿ


ಹುಬ್ಬಳ್ಳಿ
೨೭ ಡಿಸೆಂಬರ್

ಅತ್ತಿಗೆ,

ಇಪ್ಪತ್ತು ನಿಮಿಷ ಓಡುತ್ತದೆ. ಆದರೆ ನೀವು ಅಂದುಕೊಂಡದ್ದು ಆಗುವುದಿಲ್ಲ.

ಅದು ಕೀಲಿ ಕೊಟ್ಟು ಬಿಡುವ ಆಟಿಕೆಯಲ್ಲ. ಬಿಸಿಯೇರಿದಂತೆ ವೇಗ ಏರುತ್ತದೆ, ತಾನಾಗಿ ತಡೆಯಲು ಅದರೊಳಗೆ ಏನೂ ಇಲ್ಲ; ಗೂಡಿನಲ್ಲಿರುವ ಹಬೆಯ ಹಿಡಿಯನ್ನು ಕೈಯಿಂದ ತಿರುಗಿಸಿ ತಗ್ಗಿಸಬೇಕು. ತಿರುವಿನಲ್ಲಿ ಉರುಳಿದರೆ ಉರಿಯೂ ಕುದಿನೀರೂ ಒಟ್ಟಿಗೆ ಹುಲ್ಲಿನ ಮೇಲೆ. ಪಕ್ಕದಲ್ಲಿ ಕೈಕಾಲು ಆಡುವವರು ಒಬ್ಬರು ಇರಲೇಬೇಕು, ಹಚ್ಚಿದ ಗಳಿಗೆಯಿಂದ ಗ್ಯಾಸು ಮುಗಿಯುವ ತನಕ. ನೀವು ಓಡಿಸುವ ದಿನ ನೀವು ಅಲ್ಲಿಂದ ಅಲ್ಲಾಡುವ ಹಾಗಿಲ್ಲ. ಹೇಳಲು ಬೇಜಾರಾಗುತ್ತದೆ. ಹೇಳದೆ ಇರಲು ಆಗುವುದಿಲ್ಲ.

ಬಾಯ್ಲರಿನ ಮೇಲೆ ಒಂದು ಪುಟ್ಟ ಹಿತ್ತಾಳೆ ಗುಬಟು ಇದೆಯಲ್ಲ, ಅದು ಸೇಫ್ಟಿ ವಾಲ್ವ್. ಒತ್ತಡ ಮಿತಿ ಮೀರಿದರೆ ತಾನೇ ಬಾಯಿ ತೆರೆದು ಹಬೆ ಬಿಡುತ್ತದೆ. ಅದಕ್ಕೆ ಎಂದೂ ಕೈ ಹಚ್ಚಬೇಡಿ. ಅದರ ಬಗ್ಗೆ ನೀವು ಕವಿತೆ ಯೋಚಿಸುತ್ತೀರಿ ಅಂತ ಗೊತ್ತು.

ಹಿತ್ತಲ ಗೇಟಿನ ಚಿಲಕ ಈಗಲೂ ಸಡಿಲವಾಗಿದೆಯಾ? ಆಗೆಲ್ಲ ಹೊರಗಿನಿಂದ ತಳ್ಳಿದರೂ ತೆರೆಯುತ್ತಿತ್ತು.

ಪಂಕಜಾ


ವಸಂತ್ ಕುಂಜ್
೮ ಜನವರಿ ೨೦೨೫

ಪ್ರೀತಿಯ ಪಂಕಜಾ,

ನಿನ್ನ ಪತ್ರ ಬಂದ ಮೇಲೆ ಎಂಜಿನ್ನನ್ನು ಟ್ರಂಕಿಗೆ ಹಾಕಿ ಮುಚ್ಚಿದೆ. ಎರಡು ದಿನ ಅವರು ಟ್ರಂಕಿನ ಪಕ್ಕದಲ್ಲೇ ಕೂತರು. ಮೂರನೆಯ ದಿನ ನಾನೇ ತೆಗೆದೆ. ಹೇಗೂ ಎಲ್ಲಿಗೂ ಹೋಗುವುದಿಲ್ಲ, ಇದಾದರೂ ಆಗಲಿ ಅಂತ. ಸೇಫ್ಟಿ ವಾಲ್ವ್ ಬಗ್ಗೆ ಕವಿತೆ ಯೋಚಿಸಲಿಲ್ಲ. ಅಷ್ಟು ಸುಲಭದ ಕವಿತೆ ನನಗೆ ಇಷ್ಟವಿಲ್ಲ.

ನೀನು ಬರೆದಿದ್ದೆ, ‘ಎಲ್ಲಕ್ಕಿಂತ ಮೊದಲು ಎಣ್ಣೆ’. ಟ್ರಂಕಿನಲ್ಲಿದ್ದ ಬಾಟಲಿ ಬರಿದಾಗಿತ್ತು. ಯಾವ ಎಣ್ಣೆ ಅಂತ ನೀನು ಬರೆದಿರಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಎಣ್ಣೆ ಅಂದರೆ ಒಂದೇ. ಪಲ್ಯಕ್ಕೂ ಅದೇ, ತಲೆಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಹೋಟೆಲಿಗೆ ಊರಿಂದ ಬರುವ ತೆಂಗಿನೆಣ್ಣೆಯ ಡಬ್ಬದಿಂದಲೇ ತೆಗೆದೆ. ಈ ಚಳಿಯಲ್ಲಿ ಅದು ಬೆಣ್ಣೆಯ ಹಾಗೆ ಕೂತಿತ್ತು. ಬಿಸಿನೀರಿನಲ್ಲಿಟ್ಟು ಕರಗಿಸಿ, ಕಿವಿಗೆ ಔಷಧಿ ಹಾಕುವ ಡ್ರಾಪರಿನಿಂದ ಒಂದೊಂದು ಕೀಲಿಗೂ ಹನಿಸಿದೆ. ಹಿತ್ತಾಳೆ ಬಟ್ಟಲಿಗೆ ತುಂಬ ಹೊಯ್ದೆ. ಮಗುವಿಗೆ ಎಣ್ಣೆ ಹಚ್ಚಿ ಮಲಗಿಸಿದಷ್ಟು ಸಮಾಧಾನವಾಯಿತು.

ಮರುದಿನ ಮಧ್ಯಾಹ್ನ, ಬಿಸಿಲು ಅನ್ನುವಂಥದ್ದು ಸ್ವಲ್ಪ ಬಂದಾಗ, ಅವರನ್ನು ಹಿತ್ತಲಲ್ಲಿ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಎಂಜಿನ್ನನ್ನು ಹಳಿಯ ಮೇಲಿಟ್ಟೆ. ನೂಕಿದರೆ ಚಕ್ರ ತಿರುಗಲಿಲ್ಲ. ಜಾರಿತು ಅಷ್ಟೆ, ಎಳೆದ ಪೆಟ್ಟಿಗೆಯ ಹಾಗೆ. ಬಗ್ಗಿ ನೋಡಿದರೆ ಸರಳುಗಳ ಸಂದಿಯಲ್ಲೆಲ್ಲ ಬಿಳೀ ಬೆಣ್ಣೆ. ಬಟ್ಟಲು ಮೇಣದ ಹಾಗೆ ಗಟ್ಟಿ. ಬಾಲ್ಕನಿಯಿಂದ ಬಾತ್ರಾ ಕೂಗಿದರು: ‘ಏನು ಭಾಭೀಜಿ, ರೈಲು ಲೇಟಾ? ಕೋಹರಾ ಇದೆಯಾ?’ ಮಂಜು ಬಿದ್ದ ದಿನ ದಿಲ್ಲಿಯ ರೈಲುಗಳೆಲ್ಲ ಲೇಟು ತಾನೆ.

ಎಂಜಿನ್ನನ್ನು ಎತ್ತಿ ನಿನ್ನಣ್ಣನ ತೊಡೆಯ ಮೇಲಿಟ್ಟೆ. ಅವರು ತಲೆ ಬಗ್ಗಿಸಿ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಒಂದು ಸದ್ದು ಬಂತು. ನಾನು ಕೆಮ್ಮು ಅಂದುಕೊಂಡು ನೀರಿಗೆ ಓಡಿದೆ. ಕೆಮ್ಮಲ್ಲ, ನಗು. ಜುಲೈನಿಂದ ಈಚೆಗೆ ಮೊದಲ ಸಲ. ‘ಬೇಡ… ಬೇಡ…’ ಅನ್ನುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಪದಕ್ಕೆ ನಗಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತೆ.

ಈಗೇನು ಮಾಡಲಿ? ಕೆಡಿಸಿಬಿಟ್ಟೆನಾ?

ಮೈತ್ರೇಯಿ


ಹುಬ್ಬಳ್ಳಿ
೧೬ ಜನವರಿ

ಅತ್ತಿಗೆ,

ನಿಮ್ಮ ಪತ್ರವನ್ನು ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ ಓದಿದೆ. ನಾನು ನಕ್ಕದ್ದಕ್ಕೆ ಪಕ್ಕದ ಕ್ಲಾಸಿನಿಂದ ಹುಡುಗರು ಇಣುಕಿದರು. ಎಂಜಿನ್ನಿಗೆ ಒಗ್ಗರಣೆ ಹಾಕುವುದೊಂದು ಬಾಕಿ ಇಟ್ಟಿದ್ದೀರಿ. ತಪ್ಪು ನನ್ನದು. ಎಣ್ಣೆ ಅಂದರೆ ಯಾವುದು ಎಂದು ಗೊತ್ತಿಲ್ಲದವರೂ ಇರುತ್ತಾರೆ ಅನ್ನುವುದನ್ನೇ ಮರೆತು ಪಾಠ ಮಾಡುತ್ತೇವೆ.

ಕೆಟ್ಟಿಲ್ಲ. ಪಾತ್ರೆ ತೊಳೆಯುವ ಸೋಪು, ಬಿಸಿನೀರು. ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಬಟ್ಟಲಿನ ಕೊಳವೆಯಲ್ಲಿ ಕೂದಲೆಳೆಯಷ್ಟು ತೂತಿದೆ. ಸೂಜಿ ಹಾಕಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿಹೋಗುವುದಿಲ್ಲ. ಬಿಸಿನೀರು ಹೊಯ್ಯುತ್ತಿರಿ, ತಾನೇ ಕರಗಿ ಬರುತ್ತದೆ. ಹಬೆಗೆಂದೇ ಬೇರೆ ಎಣ್ಣೆಯಿದೆ, ಜೋನಿಬೆಲ್ಲದ ಹಾಗೆ ಮಂದ. ಬಟ್ಟಲಿಗೆ ಬಂದ ಹಬೆ ತಣಿದು ನೀರಾಗಿ ತಳಕ್ಕಿಳಿಯುತ್ತದೆ, ಎಣ್ಣೆಯನ್ನು ಮೇಲಕ್ಕೆತ್ತುತ್ತದೆ, ಎಣ್ಣೆ ಆ ತೂತಿನಿಂದ ಹಬೆಯ ಜೊತೆ ಸೇರಿ ಸಿಲಿಂಡರಿಗೆ ಹೋಗುತ್ತದೆ. ಯಾರೂ ಹನಿಸಬೇಕಿಲ್ಲ. ಅಣ್ಣನಿಗೆ ತುಂಬ ಇಷ್ಟವಾದ ಭಾಗ ಅದು.

ಮಹಂತೇಶ ಕಂಪನಿಯ ಕೆಲಸಕ್ಕೆ ಈ ತಿಂಗಳ ಕೊನೆಗೆ ದಿಲ್ಲಿಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಬಾಟಲಿ ಕಳಿಸುತ್ತೇನೆ. ಅವರು ಒಳಗೆ ಬರುವುದಿಲ್ಲ.

ಮತ್ತೆ ನಿಮ್ಮ ಆ ಕುದಿಯುವ ನೀರಿನ ಸಾಲು. ಅದು ಯಾವ ಸಂಕಲನದ್ದೂ ಅಲ್ಲ. ಅಣ್ಣ ಮೊದಲ ಸಲ ಹಬೆ ಎಬ್ಬಿಸಿದ ದಿನ, ಹಿತ್ತಲ ಮೆಟ್ಟಿಲ ಮೇಲೆ ಬಜ್ಜಿಯ ತಟ್ಟೆ ಹಿಡಿದು ನಿಂತು ನೀವು ಹೇಳಿದಿರಿ. ‘ಕವಿತೆ ಬೇಡ, ಚಟ್ನಿ ತಾ’ ಅಂದ ಅಣ್ಣ. ನಾನೂ ನಕ್ಕೆ. ಆಮೇಲೆ ನೀವು ಏನೂ ಹೇಳಿದ್ದು ನನಗೆ ನೆನಪಿಲ್ಲ.

ಪಂಕಜಾ


ವಸಂತ್ ಕುಂಜ್
೩೦ ಜನವರಿ

ಪ್ರೀತಿಯ ಪಂಕಜಾ,

ಆ ಸಾಲು ನನ್ನದು ಅನ್ನುವುದನ್ನು ನಂಬಲು ನನಗೆ ಸ್ವಲ್ಪ ದಿನ ಬೇಕು.

ಮಹಂತೇಶ ಬಂದಿದ್ದರು. ನಾನು ಅವರ ಮುಖ ನೋಡಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಮೆಟ್ಟಿಲಿಳಿದು ಬರುವ ಕಂದು ಬೂಟು ಮಾತ್ರ ಕಂಡಿತು. ನಮ್ಮ ಬಾಗಿಲ ಎದುರು ಅದು ನಿಂತಿತು. ನಾನು ಚಿಲಕಕ್ಕೆ ಕೈಹಾಕಿದೆ. ಒಳಗಿಂದ ‘ಬೇಡ’ ಬಂತು. ಬಂದವರು ಯಾರೆಂದು ನಿನ್ನಣ್ಣನಿಗೆ ಗೊತ್ತಿರಲಿಲ್ಲ, ನನ್ನ ಹೆಜ್ಜೆ ಬಾಗಿಲ ಕಡೆ ಹೋದದ್ದು ಮಾತ್ರ ಕೇಳಿತ್ತು. ನನ್ನ ಕೈ ನಿಂತಿತು. ಬೂಟು ಹೋಯಿತು.

ಸ್ವಲ್ಪ ಹೊತ್ತಿಗೆ ಬಾತ್ರಾ ಬಾಟಲಿ ಹಿಡಿದು ಬಂದರು. ‘ನಿಮ್ಮ ಮನೆಯ ಅಳಿಯನಂತೆ. ನಿಮ್ಮ ಬೆಲ್ ಒತ್ತಲ್ಲ ಅಂತ ನನ್ನ ಬೆಲ್ ಒತ್ತಿದ. ಎಂಥಾ ಜನ ನೀವು! ನಾನು ಕೂರಿಸಿ ಚಾಯ್ ಕುಡಿಸಿದೆ. ರೈಲು ಹೇಗೆ ಓಡುತ್ತೆ ಅಂತ ನಿಮ್ಮ ನ್ಯೂಸ್‌ಪೇಪರ್ ಮೇಲೆ ಚಿತ್ರ ಬಿಡಿಸಿ ಹೇಳಿದ.’ ನಮ್ಮ ಪೇಪರನ್ನು ದಿನಾ ಮೊದಲು ಓದುವವರು ಅವರೇ ಎಂದು ಆಗ ತಿಳಿಯಿತು. ಸೊಸೈಟಿಗೆ ದೂರು ಬರೆಯುವ ಮಾತು ಮತ್ತೆ ಎತ್ತಲಿಲ್ಲ.

ಮೊನ್ನೆ ಓಡಿತು, ಪಂಕಜಾ. ಮುಳ್ಳು ಏರಿತು. ನೀನು ಹೇಳಿದ ಹಾಗೆಯೇ ಅದು ಹೊರಡಲಿಲ್ಲ. ನೂಕಿದೆ, ಹಿಂದೆ ಎಳೆದೆ, ನೂಕಿದೆ. ಚಿಮಣಿಯಿಂದ ಬಿಸಿನೀರು ನನ್ನ ಸೀರೆಯ ಮೇಲೆ ಉಗುಳಿತು. ಬಿಟ್ಟುಬಿಡುತ್ತಿದ್ದೆ. ‘ಬೇಡ!’ ಅಂದರು ಕುರ್ಚಿಯಿಂದ, ಗದರುವ ಹಾಗೆ. ಇನ್ನೊಮ್ಮೆ ನೂಕಿದೆ. ಕೈಯೊಳಗಿಂದ ಅದು ತಾನೇ ಹೊರಟುಹೋಯಿತು. ತಳ್ಳುತ್ತಿದ್ದ ವಸ್ತು ಎಳೆಯತೊಡಗಿದಾಗ ಕೈಗೆ ಏನನ್ನಿಸುತ್ತದೆ ಅಂತ ನಿನಗೆ ಗೊತ್ತು. ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ಕುರ್ಚಿಯ ಪಕ್ಕ ಬಂದಾಗಲೆಲ್ಲ ಅವರು ಎಡಗೈ ಚಾಚಿ ಹಬೆಯ ಹಿಡಿಯನ್ನು ಚೂರೇ ಚೂರು ತಿರುಗಿಸಿದರು.

ಆದರೆ ನೀನು ಹೇಳಿದ್ದು ನಿಜ. ಅಷ್ಟು ಹೊತ್ತೂ ನಾನು ಕುಕ್ಕರುಗಾಲಿನಲ್ಲಿ ಕೂತು, ಅದರ ಮೇಲಿಂದ ಕಣ್ಣು ತೆಗೆಯದೆ, ಹಳಿಯ ಸುತ್ತ ಮುಖ ತಿರುಗಿಸಿದೆ. ಮೊದಲು ಒಬ್ಬರನ್ನು ಕಾಯುತ್ತಿದ್ದೆ, ಈಗ ಇಬ್ಬರನ್ನು. ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುವುದನ್ನು ನೋಡುತ್ತಾ, ಇದಕ್ಕೂ ನನಗೂ ಏನು ವ್ಯತ್ಯಾಸ ಅಂತ ಅನ್ನಿಸಿತು. ಅದಕ್ಕೆ ಗ್ಯಾಸಾದರೂ ಮುಗಿಯುತ್ತದೆ.

ಮೈತ್ರೇಯಿ


ಹುಬ್ಬಳ್ಳಿ
೯ ಫೆಬ್ರುವರಿ

ಅತ್ತಿಗೆ,

ನಿಮ್ಮ ಕೊನೆಯ ಸಾಲನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಒಂದು ಯೋಚನೆ ಬಂತು.

ಅಟೆಂಡೆಂಟ್‌ಗಳನ್ನು ಅಣ್ಣ ಯಾಕೆ ಓಡಿಸಿದ? ಅವರೆಲ್ಲ ಅವನಿಗೆ ಕಲಿಸಲು ಬಂದವರು: ಹೀಗೆ ಕೂರಿ, ಹೀಗೆ ಏಳಿ. ಅಣ್ಣನಿಗೆ ರೋಗಿಯಾಗಲು ಬರುವುದಿಲ್ಲ. ಮೇಷ್ಟರಾಗಲು ಬರುತ್ತದೆ. ನನಗೆ ಕಲಿಸಿದ್ದು ನೋಡಿಲ್ಲವೇ ನೀವು? ಅವನ ಪಾಠದಲ್ಲಿ ಆಗಲೂ ‘ಬೇಡ’ ಬಿಟ್ಟು ಬೇರೆ ಪದ ಕಡಿಮೆಯೇ. ಈಗ ಬೇಡ, ಅಷ್ಟು ಬೇಡ, ಅಲ್ಲಿ ಬೇಡ. ಬಾತ್ರಾ ಅವರಿಗೆ ಕಲಿಯುವ ಆಸೆಯಿದ್ದರೆ ಅವರನ್ನು ಕೆಳಗೆ ಕರೆಯಿರಿ. ನೀವು ಕಲಿಸಬೇಡಿ. ಎಂಜಿನ್ನಿನಿಂದ ದೂರ ನಿಂತುಕೊಳ್ಳಿ.

ಎಣ್ಣೆ ಯಾರು ಕಳಿಸಿದ್ದು ಅಂತ ಅಣ್ಣನಿಗೆ ಹೇಳಿದಿರಾ? ಹೇಳದಿದ್ದರೂ ಪರವಾಗಿಲ್ಲ.

ಪಂಕಜಾ


ವಸಂತ್ ಕುಂಜ್, ಪಾರ್ಕಿನ ಬೆಂಚು
೨೩ ಫೆಬ್ರುವರಿ

ಪ್ರೀತಿಯ ಪಂಕಜಾ,

ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದು. ಬೆಂಚು. ಗ್ಯಾಸು ಮುಗಿಯುವುದರೊಳಗೆ ಬರೆದು ಮುಗಿಸಬೇಕು.

ಬಾತ್ರಾ ಈಗ ದಿನಾ ಮಧ್ಯಾಹ್ನ ಬರುತ್ತಾರೆ. ಮೊದಲ ದಿನ ಅವರು ನೀರಿಗಿಂತ ಮುಂಚೆ ಗ್ಯಾಸಿನ ಡಬ್ಬಿ ಎತ್ತಿದರು. ‘ಬೇಡ!’ ಎರಡನೇ ದಿನ ಎಣ್ಣೆ ಚೆಲ್ಲುವಷ್ಟು ಹೊಯ್ದರು. ‘ಬೇಡ, ಬೇಡ.’ ಬಾತ್ರಾ ನನ್ನ ಕಡೆ ತಿರುಗಿ, ‘ಭಾಭೀಜಿ, ನನ್ನ ಬ್ಯಾಂಕ್ ಮ್ಯಾನೇಜರ್ ಕೂಡ ಇಷ್ಟು ಬೈದಿರಲಿಲ್ಲ’ ಅಂದರು. ಮರುದಿನ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ನಾನು ಮೆಟ್ಟಿಲ ಮೇಲೆ ನಿಂತೆ. ಆಮೇಲೆ ಅಡುಗೆಮನೆಯಲ್ಲಿ. ಆಮೇಲೆ ಹಜಾರದಲ್ಲಿ, ಚಪ್ಪಲಿಯ ಪಕ್ಕ. ಯಾರೂ ತಿರುಗಿ ನೋಡಲಿಲ್ಲ.

ಇವತ್ತು ಮೆಟ್ಟಿದೆ. ಬಾತ್ರಾಗೆ ಮಾತ್ರ ಸನ್ನೆ ಮಾಡಿ ಹೇಳಿದೆ. ಗೇಟಿನ ಗಾರ್ಡು ‘ಮೇಡಂ, ಬಹುತ್ ದಿನ್ ಬಾದ್’ ಅಂದ. ನನ್ನ ಕಾಲುಗಳು ನಡೆಯುವುದನ್ನು ನಾನೇ ಕೆಳಗೆ ನೋಡುತ್ತಾ ಬಂದೆ. ಬೂರುಗದ ಮರದಲ್ಲಿ ಎಲೆ ಒಂದೂ ಇಲ್ಲ, ಹೂವು ಬಿಡುತ್ತಿದೆ. ಪುಸ್ತಕ ತಂದಿದ್ದೇನೆ, ತೆರೆದಿಲ್ಲ. ಎಲ್ಲಿಯೋ ಕುಕ್ಕರು ಕೂಗಿದರೂ ಎದ್ದು ನಿಲ್ಲುತ್ತೇನೆ. ಬೆಂಚಿನ ಮೇಲೆ ಕೂತೂ ನಾನು ಆ ಹಿತ್ತಲಲ್ಲೇ ಇದ್ದೇನೆ ಅನ್ನಿಸುತ್ತದೆ. ತಣ್ಣನೆಯ ಸಿಲಿಂಡರಿನ ಬಗ್ಗೆ ನೀನು ಬರೆದದ್ದು ನೆನಪಾಯಿತು. ಬಿಸಿ ಹಬೆ ಬಂದರೂ ಮೊದಲು ನೀರಾಗಿ ಕೂತುಬಿಡುತ್ತದೆ. ಎಲ್ಲರೂ ಸೋಲುವುದು ಇಲ್ಲೇ ಅಂದಿದ್ದೆ.

ನೀನು ಕೇಳಿದ್ದು. ಹೇಳಿದೆ. ಬಾಟಲಿಯನ್ನು ನಿನ್ನಣ್ಣನ ಕೈಗೆ ಕೊಟ್ಟು, ‘ಇದು ಪಂಕಜಾ ಕಳಿಸಿದ್ದು, ಮಹಂತೇಶ ತಂದುಕೊಟ್ಟದ್ದು’ ಅಂದೆ. ‘ಬೇಡ’ ಅಂದರು. ಯಾವ ‘ಬೇಡ’ ಎಂದು ನನಗೆ ತಿಳಿಯಲಿಲ್ಲ, ತಿಳಿದ ಹಾಗೆ ಬರೆದು ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಆದರೆ ಬಾಟಲಿಯನ್ನು ವಾಪಸು ಕೊಡಲಿಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮಲಗುವಾಗಲೂ ತೆಗೆಯಲು ಬಿಡಲಿಲ್ಲ. ಮೂರು ಅಂಗಿಗಳಿಗೆ ಎಣ್ಣೆ ಕಲೆಯಾಗಿದೆ.

ಹಿತ್ತಲ ಗೇಟಿನ ಚಿಲಕ ಇನ್ನೂ ಸಡಿಲವಾಗಿಯೇ ಇದೆ. ರಿಪೇರಿ ಮಾಡಿಸುವ ಯೋಚನೆ ನನಗಿಲ್ಲ.

ಹೊತ್ತಾಯಿತು ಅನ್ನಿಸುತ್ತದೆ. ಹೊರಡುತ್ತೇನೆ.

ನಿನ್ನ ಅತ್ತಿಗೆ,
ಮೈತ್ರೇಯಿ

ಇದನ್ನು ಮನೆಯ ಮೆಟ್ಟಿಲ ಮೇಲೆ ಕೂತು ಸೇರಿಸುತ್ತಿದ್ದೇನೆ. ಹೊತ್ತಾಗಿರಲಿಲ್ಲ. ಓಡಿಕೊಂಡು ಬಂದು ಬೆಲ್ ಒತ್ತಿದೆ. ಬಾತ್ರಾ ಬಾಗಿಲನ್ನು ಅರ್ಧ ಮಾತ್ರ ತೆರೆದರು. ಬೆರಳಲ್ಲೆಲ್ಲ ಎಣ್ಣೆ, ಕನ್ನಡಕದ ಮೇಲೆ ಹಬೆ. ಹಿಂದೆ ಹಿತ್ತಲ ಕಡೆಯಿಂದ ಚಕ್ರದ ಸದ್ದು ಕೇಳುತ್ತಿತ್ತು.

‘ಅರೇ ಭಾಭೀಜಿ, ಇಷ್ಟು ಬೇಗ ಬಂದ್ಬಿಟ್ರಾ?’ ಅಂದರು. ‘ನಾವು ಈಗಷ್ಟೇ ಎರಡನೇ ಸಲ ನೀರು, ಗ್ಯಾಸು ತುಂಬಿಸಿ ಹೊರಡಿಸಿದ್ವಿ. ಹೋಗಿ, ಇನ್ನೊಂದು ರೌಂಡ್ ಹಾಕಿ ಬನ್ನಿ. ನಿಮ್ಮನ್ನ ಕರೀಲಾ ಅಂತ ನಾನೇ ಅವರನ್ನ ಕೇಳ್ದೆ. ಬೇಡ ಅಂದ್ರು.’